ಗಿರಾಕಿಯ ಕಾಗದಕ್ಕೆ ಬ್ಲೇಡು ತಾಗಬಾರದು

ಪುಟ್ಟಿ, ಅಪ್ಪು, ಹೋದ ತಿಂಗಳು ನೀವಿಬ್ಬರೂ ಸ್ಕೂಟರಿಗೆ ಸ್ಟಿಕರ್ ಮಾಡಿಸಲು ಕೊಪ್ಪದ ಪೇಟೆಗೆ ಹೋಗಿ ಬರಿಗೈಯಲ್ಲಿ ಬಂದಿರಿ. ಫೋನಿನಲ್ಲಿ ಒಯ್ದ ಚಿತ್ರವನ್ನು ಮಷಿನ್ನು ಕೊಯ್ಯುವುದಿಲ್ಲವಂತೆ, ಗೆರೆಗಳು ಕೂಡಿಲ್ಲವಂತೆ, ಬೇರೆ ತನ್ನಿ ಎಂದರಂತೆ. ಅಪ್ಪು ಆ ಅಂಗಡಿಯವರನ್ನು ಬೈದ. ನಾನು ಅಕ್ಕಿ ಆರಿಸುತ್ತ ಕೂತಿದ್ದವಳು ಏನೂ ಹೇಳಲಿಲ್ಲ. ಅಂಗಡಿಯವರು ಹೇಳಿದ್ದು ಸರಿಯಾಗಿಯೇ ಇತ್ತು. ಗೆರೆ ಕೂಡದ ಚಿತ್ರವನ್ನು ಕೊಯ್ಯಲು ಬರುವುದಿಲ್ಲ. ಮಷಿನ್ನಿಗೂ ಬರುವುದಿಲ್ಲ, ಕೈಗೂ ಬರುವುದಿಲ್ಲ.

ಆ ಕೆಲಸವನ್ನು ನಾನು ಬಹಳ ವರ್ಷ ಕೈಯಲ್ಲಿ ಮಾಡಿದ್ದೇನೆ. ನಿಮಗೆ ಇದು ಗೊತ್ತಿಲ್ಲ. ನಿಮ್ಮ ಅಮ್ಮನಿಗೆ ಗೊತ್ತಿದೆ, ಆದರೆ ಅವಳಿಗೂ ಪೂರ್ತಿ ಗೊತ್ತಿಲ್ಲ. ಎದುರು ಕೂತು ಹೇಳುವುದು ನನ್ನಿಂದ ಆಗುವುದಿಲ್ಲವೆಂದು ಬರೆಯುತ್ತಿದ್ದೇನೆ. ಸೀತೂರಿನ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಓದಿದವಳು. ಅಕ್ಷರ ಮಾತ್ರ ದುಂಡಗೆ ಬರುತ್ತದೆ.

ನಿಮ್ಮ ಅಜ್ಜ ಬೋರ್ಡು ಬರೆಯುವವರು. ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮಗೆ ಒಂದು ಉದ್ದನೆಯ ಬಾಡಿಗೆ ಕೋಣೆ ಇತ್ತು. ಮುಂದಿನ ಅರ್ಧ ಅಂಗಡಿ, ಹಿಂದಿನ ಅರ್ಧ ಮನೆ. ನಡುವೆ ಒಂದು ಪರದೆ. ಯಾರೋ ಬರೆಸಿ ಒಯ್ಯದೆ ಬಿಟ್ಟ ಬ್ಯಾನರಿನ ಬಟ್ಟೆ ಅದು. ಅಕ್ಷರಗಳಿದ್ದ ಮಗ್ಗುಲು ಮನೆಯ ಕಡೆಗಿತ್ತು. ಗಿರಾಕಿಗಳು ಬಂದರೆ ನಿಮ್ಮ ಅಜ್ಜ ಆಚೆ ಕೂತು ಮಾತಾಡುತ್ತಿದ್ದರು, ನಾನು ಈಚೆ ಒಲೆಯ ಹತ್ತಿರ ಇರುತ್ತಿದ್ದೆ. ಮದುವೆಯಾಗಿ ಒಂಬತ್ತು ವರ್ಷ ಆ ಪರದೆಯನ್ನು ದಾಟಿ ಗಿರಾಕಿಗಳ ಎದುರಿಗೆ ನಾನು ಬಂದದ್ದಿಲ್ಲ. ಯಾರೂ ಬೇಡವೆಂದಿರಲಿಲ್ಲ. ನನಗೇ ಆಗುತ್ತಿರಲಿಲ್ಲ.

ಬೋರ್ಡು ಬರೆಸುವವರು ಬರಿಗೈಯಲ್ಲಿ ಬರುವುದಿಲ್ಲ. ಎಲ್ಲರ ಕೈಯಲ್ಲೂ ಒಂದೊಂದು ಸ್ಯಾಂಪಲ್ಲು. ಮದುವೆ ಕಾಗದ, ಸೋಪಿನ ಹೊದಿಕೆ, ಬಿಲ್ಲಿನ ಹಿಂದೆ ಒತ್ತಿದ ರಬ್ಬರ್ ಸ್ಟಾಂಪು. ಅದೇ ಅಕ್ಷರ, ಅದೇ ಚಿತ್ರ ಬೋರ್ಡಿನ ಮೇಲೆ ಬರಬೇಕು. ಮೆಣಸೆಯಿಂದ ಹಿಟ್ಟಿನ ಗಿರಣಿಯವರೊಬ್ಬರು ಕ್ಯಾಲೆಂಡರಿನ ಅನ್ನಪೂರ್ಣೆಯನ್ನು ಸುರುಳಿ ಸುತ್ತಿ ತಂದಿದ್ದರು. ಅದರ ಮುಖದ ನಡುವೆ ಇಲಿ ತಿಂದಿತ್ತು. "ಮೂಗು ಮಾತ್ರ ನಿಮ್ಮ ಕಡೆಯಿಂದ್ಲೇ ಇಡಿ ಮಾರಾಯ್ರೆ, ಉಳಿದದ್ದು ಹಾಗೇ ಬರ್ಲಿ" ಎಂದರು. ನಿಮ್ಮ ಅಜ್ಜ ನಗದೆ ಒಪ್ಪಿಕೊಂಡರು. ಗಿರಾಕಿ ಹೋದ ಮೇಲೆ ಪರದೆಯ ಕೆಳಗಿನಿಂದ ಆ ಚಿತ್ರವನ್ನು ನನ್ನ ಕಡೆಗೆ ತಳ್ಳಿದರು. "ಮೂಗು ಯಾರ್ದು ಇಡ್ತೀಯೆ?" ಎಂದು ಕೇಳಿದರು. ನಾನು ನನ್ನ ಅತ್ತೆಯ ಮೂಗು ಇಟ್ಟೆ. ನಿಮ್ಮ ಅಜ್ಜನಿಗೆ ಗುರುತು ಸಿಕ್ಕಿತು, ಗಿರಣಿಯವರಿಗೆ ಸಿಗಲಿಲ್ಲ.

ಪರದೆಯ ಕೆಳಗಿನಿಂದ ಬಂದದ್ದನ್ನು ಕೆಲಸಕ್ಕೆ ಆಗುವ ಕಾಗದ ಮಾಡುವುದು ನನ್ನ ಪಾಲು. ಮೊದಲು ಸ್ಯಾಂಪಲ್ಲಿನ ಮೇಲೆ, ಕೆಳಗಿನದು ಕಾಣುವ ತೆಳು ಬಟರ್ ಪೇಪರ್ ಇಟ್ಟು ಅಂಚಿನ ಗೆರೆಯನ್ನಷ್ಟೇ ತೆಗೆಯಬೇಕು. ಅದರ ಮೇಲೆ ಅರ್ಧ ಇಂಚಿನ ಚೌಕಗಳು. ಆಮೇಲೆ ಖಾಕಿ ಕಾಗದದ ಮೇಲೆ ದೊಡ್ಡ ಚೌಕ ಎಳೆದು, ಸಣ್ಣ ಚೌಕದಲ್ಲಿ ಇದ್ದದ್ದನ್ನು ದೊಡ್ಡ ಚೌಕದಲ್ಲಿ ಕೂರಿಸುವುದು. ಸ್ಟಾಂಪಿನ ಮಸಿ ಹರಡಿ ದಪ್ಪವಾದಲ್ಲಿ ತೆಳು ಮಾಡಬೇಕು. ಹರಿದು ಹೋದಲ್ಲಿ ಗೆರೆ ಕೂಡಿಸಬೇಕು. ಇಷ್ಟಾದ ಮೇಲೆ ನಿಮ್ಮ ಅಜ್ಜ ಪೆನ್ಸಿಲ್ ಹಿಡಿದು ಕೂತು ತಿದ್ದುತ್ತಿದ್ದರು. ಅವರ ತಿದ್ದು ಜಾಸ್ತಿ ಇರುತ್ತಿರಲಿಲ್ಲ, ಆದರೆ ಅವರು ತಿದ್ದದೆ ಕಾಗದ ಮುಗಿಯುತ್ತಿರಲಿಲ್ಲ. ಕೊನೆಗೆ ಅಕ್ಷರಗಳ ಹೊಟ್ಟೆಗೆ ಬ್ರಷ್ಷಿನಿಂದ ಕಪ್ಪು ಮಸಿ ತುಂಬುತ್ತಿದ್ದರು. ತುಂಬಿದ್ದು ಎಂದರೆ ನೋಡಿ ಆಯಿತು, ಇನ್ನು ಕೈ ಹಾಕಬಹುದು ಎಂದು. ಬರೀ ಗೆರೆ ಇದ್ದ ಕಾಗದವನ್ನು ನಾನು ಮುಟ್ಟುತ್ತಿರಲಿಲ್ಲ. ಕಪ್ಪು ತುಂಬಿದ್ದನ್ನು ಕೇಳದೆಯೇ ಎತ್ತಿಕೊಳ್ಳುತ್ತಿದ್ದೆ. ಒಂಬತ್ತು ವರ್ಷದಲ್ಲಿ ಇದನ್ನು ನಾವು ಬಾಯಿಬಿಟ್ಟು ಮಾತಾಡಿಕೊಂಡದ್ದು ನೆನಪಿಲ್ಲ.

ಅವರು ಬಾಯಿಬಿಟ್ಟು ಹೇಳಿದ್ದು ಒಂದೇ ಮಾತು. ಗಿರಾಕಿಯ ಕಾಗದಕ್ಕೆ ಬ್ಲೇಡು ತಾಗಬಾರದು. ಅದು ಅವರದ್ದು, ಬಂದ ಹಾಗೆಯೇ ವಾಪಸು ಹೋಗಬೇಕು.

ಬ್ಲೇಡಿನ ಕೆಲಸ ಶುರುವಾದದ್ದು ರೇಡಿಯಂ ಬಂದ ಮೇಲೆ. ನಿಮ್ಮ ಅಮ್ಮ ಒಂದನೇ ಕ್ಲಾಸಿಗೆ ಸೇರಿದ ವರ್ಷ ಇರಬೇಕು. ಅಲ್ಲಿಯ ತನಕ ಬಸ್ಸು, ಲಾರಿ ಎಲ್ಲದಕ್ಕೂ ಬಣ್ಣವೇ. ರೇಡಿಯಂ ಹಾಳೆಗೆ ಹಿಂದೆ ಅಂಟು ಇರುತ್ತದೆ, ಮೇಲೆ ಎದುರಿನ ಗಾಡಿಯ ಲೈಟು ಬಿದ್ದರೆ ಹೊಳೆಯುತ್ತದೆ. ನಿಮ್ಮ ಅಜ್ಜ ಶಿವಮೊಗ್ಗದಿಂದ ತರುತ್ತಿದ್ದರು. ಹಲಗೆಯ ಮೇಲೆ ರಟ್ಟು, ರಟ್ಟಿನ ಮೇಲೆ ರೇಡಿಯಂ, ಅದರ ಮೇಲೆ ನಾವು ಮಾಡಿದ ಕಾಗದ. ಅಂಚಿಗೆ ಪಿನ್ನು ಚುಚ್ಚಿ, ಅರ್ಧ ಮುರಿದ ಶೇವಿಂಗ್ ಬ್ಲೇಡಿಗೆ ಬಟ್ಟೆ ಸುತ್ತಿ ಹಿಡಿದು, ಕಾಗದವನ್ನೂ ಹಾಳೆಯನ್ನೂ ಒಟ್ಟಿಗೆ ಕೊಯ್ಯುವುದು. ಕೊಯ್ದಾದ ಮೇಲೆ ಆ ಕಾಗದ ಮತ್ತೆ ಉಪಯೋಗಕ್ಕಿಲ್ಲ, ಚೂರು. ಅವರ ಕೈ ಬ್ರಷ್ಷಿಗೆ ಸರಿ, ಬ್ಲೇಡು ಹಿಡಿದರೆ ಅಲುಗುತ್ತಿತ್ತು. ಹಾಗಾಗಿ ಕೊಯ್ಯುವುದೂ ನನಗೇ ಬಂತು. ಬಸ್ಸಿಗೆ ಅಂಟಿಸಿ ಬರುವುದು ಅವರು. ಊರಿನವರಿಗೆ ಎಲ್ಲವೂ ಅವರ ಕೈಯ ಕೆಲಸ.

ನರಸಿಂಹರಾಜಪುರದ ಒಬ್ಬ ಸಾಹುಕಾರರಿಗೆ ಮೂರು ಬಸ್ಸುಗಳಿದ್ದವು. ಕೊಪ್ಪದ ಮೇಲೆ ಶೃಂಗೇರಿಗೆ ಹೋಗಿ ಬರುವ ಬಸ್ಸುಗಳು. ಮೂರರ ಹಣೆಯ ಮೇಲೂ ಅವರ ತಾಯಿಯ ಹೆಸರು. ಐದು ಅಕ್ಷರ. ಮೊದಲ ಬಸ್ಸು ತಂದಾಗ ಸಾಹುಕಾರರ ತಂದೆ ತಾವೇ ಬ್ರಷ್ಷು ಹಿಡಿದು, ಬೇಕಾದ ಅಳತೆಗೇ, ಒಂದು ಖಾಕಿ ಕಾಗದದ ಮೇಲೆ ಹೆಂಡತಿಯ ಹೆಸರು ಬರೆದು ಪೇಂಟರಿಗೆ ಕೊಟ್ಟಿದ್ದರಂತೆ. ಆ ತಂದೆ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಬಸ್ಸಿಗೆ ಹೊಸ ಬಣ್ಣ ಹೊಡೆಸುವಾಗ ಸಾಹುಕಾರರು ರೇಡಿಯಂ ಮಾಡಿಸೋಣವೆಂದು ಆ ಕಾಗದವನ್ನೇ ತಂದರು. ಪರದೆಯ ಆಚೆ ಅವರು ಹೇಳಿದ್ದು ನನಗೆ ಕೇಳಿಸಿತು. ತಂದೆಯ ಕೈಬರಹ ಎಂದು ಮನೆಯಲ್ಲಿ ಉಳಿದಿರುವುದು ಇದೊಂದೇ, ಅಮ್ಮ ಕಪಾಟಿನಿಂದ ತೆಗೆದು ಕೊಡಲು ಎರಡು ದಿನ ಯೋಚಿಸಿದರು ಎಂದು.

ಕಾಗದ ಎಂಟು ಮಡಿಕೆಯಾಗಿ ಪರದೆಯ ಕೆಳಗಿನಿಂದ ಬಂತು. ಒಂದು ಗೇಣು ಎತ್ತರದ ಅಕ್ಷರಗಳು, ಮಸಿ ತುಂಬಿದ್ದವು. ಪೇಂಟರ ಕೈ ಅಲ್ಲ ಅದು. ಎರಡನೇ ಅಕ್ಷರ ಸ್ವಲ್ಪ ಮುಂದಕ್ಕೆ ಬಾಗಿತ್ತು. ಕೊನೆಯ ಅಕ್ಷರದ ಬಾಲ ಬೇಕಾದ್ದಕ್ಕಿಂತ ಮೇಲೆ ಹೋಗಿತ್ತು. ನಾನು ತಿದ್ದಲಿಲ್ಲ. ದೊಡ್ಡದು ಮಾಡುವ ಕೆಲಸ ಇರಲಿಲ್ಲವಾದ್ದರಿಂದ ಬಟರ್ ಪೇಪರಿನಲ್ಲಿ ಗೆರೆ ತೆಗೆದು, ಅದೇ ಅಳತೆಗೆ ನಮ್ಮ ಖಾಕಿ ಕಾಗದದ ಮೇಲೆ ಇಳಿಸಿದೆ. ನಿಮ್ಮ ಅಜ್ಜ ನೋಡಿ ಮಸಿ ತುಂಬುವುದಷ್ಟೇ ಬಾಕಿ. ಎರಡು ಕಾಗದಗಳನ್ನೂ ಹಲಗೆಯ ಮೇಲೆ ಇಟ್ಟೆ.

ಆ ವಾರವೇ ನಿಮ್ಮ ಅಜ್ಜನ ಕಣ್ಣು ಹಳದಿಯಾಯಿತು. ಕಾಮಾಲೆ ಎಂದು ಸೊಪ್ಪಿನ ಔಷಧಿ ಕೊಡಿಸಿದೆವು, ಆಮೇಲೆ ಆಸ್ಪತ್ರೆಗೂ ಹೋದೆವು. ಹತ್ತೊಂಬತ್ತು ದಿನ ಇದ್ದರು. ಅದನ್ನು ಹೆಚ್ಚು ಬರೆಯುವುದಿಲ್ಲ. ನನಗೆ ಆ ದಿನಗಳು ಸರಿಯಾಗಿ ನೆನಪೂ ಇಲ್ಲ. ಯಾರು ಬಂದರು, ಯಾರು ಅಡುಗೆ ಮಾಡಿದರು ಎಂದು ಕೇಳಿದರೆ ಹೇಳಲಾರೆ. ನಿಮ್ಮ ಅಮ್ಮನನ್ನು ಪಕ್ಕದ ಮನೆಯವರು ಕರೆದುಕೊಂಡು ಹೋಗಿ ಊಟ ಹಾಕಿ ಕಳಿಸುತ್ತಿದ್ದರು. ನಾನು ಅಳಲಿಲ್ಲ. ಅದಕ್ಕೆ ಕೆಲವರು ಮಾತಾಡಿದರಂತೆ.

ಸೀತೂರಿನಿಂದ ನನ್ನ ಅಣ್ಣ ಬಂದು ನಮ್ಮ ಜೊತೆಗೇ ಇದ್ದ. ಒಳ್ಳೆಯವನು, ಗಡಿಬಿಡಿಯವನು. ಹದಿಮೂರು ದಿನ ಮುಗಿಯುತ್ತಿದ್ದ ಹಾಗೆ ಗಿರಾಕಿಗಳು ತಮ್ಮ ಸ್ಯಾಂಪಲ್ಲು ಕೇಳಿಕೊಂಡು ಬರತೊಡಗಿದರು. ಅಣ್ಣ ಪರದೆಯ ಆಚೆ ನಿಂತು ಒಂದೊಂದೇ ಹುಡುಕಿ ಕೊಡುತ್ತಿದ್ದ. ಶೃಂಗೇರಿಯ ಲಾಡ್ಜಿನವರು ಬಂದರು, ಜಯಪುರದ ಬಟ್ಟೆ ಅಂಗಡಿಯವರು ಬಂದರು. ಎಲ್ಲರೂ ಪಾಪ ಎಂದರು, ಕಾಗದ ತೆಗೆದುಕೊಂಡು ಹೋದರು. ಬರೆಯುವವರೇ ಇಲ್ಲದ ಮೇಲೆ ಅವರಾದರೂ ಏನು ಮಾಡುತ್ತಾರೆ. ಗೋಡೆಯ ಹಗ್ಗಕ್ಕೆ ಸಿಕ್ಕಿಸಿದ್ದ ಕಾಗದಗಳು ಒಂದೊಂದಾಗಿ ಕಡಿಮೆಯಾದವು. ನಾನು ನೋಡುತ್ತಿದ್ದೆ. ಏನೂ ಅನ್ನಿಸುತ್ತಿರಲಿಲ್ಲ.

ಕೊನೆಗೆ ಬಂದದ್ದು ಬಸ್ಸಿನ ಡ್ರೈವರ್ ಸಾಬರು. ಕೊಪ್ಪದವರೇ, ಬಿಳಿ ಗಡ್ಡ. ಸಾಹುಕಾರರು ಹೇಳಿ ಕಳಿಸಿದ್ದರು. ಬಸ್ಸಿನ ಬಣ್ಣ ಮುಗಿದಿದೆ, ಶುಕ್ರವಾರ ಹೆಸರು ಅಂಟಿಸಬೇಕು, ಶನಿವಾರ ರೂಟಿಗೆ ಬಿಡಬೇಕು. ಇಲ್ಲಿ ಆಗದಿದ್ದರೆ ಕಾಗದ ಕೊಡಿ, ಶಿವಮೊಗ್ಗಕ್ಕೆ ಒಯ್ಯುತ್ತೇವೆ. ಅಣ್ಣ ಕಾಗದ ತೆಗೆದುಕೊಳ್ಳಲು ಪರದೆಯ ಒಳಗೆ ಕೈ ಚಾಚಿದ. ನಾನು ಕೊಡಲಿಲ್ಲ. "ಶುಕ್ರವಾರ ಆಗ್ತದೆ ಅಂತ ಹೇಳಿ" ಎಂದೆ. ಪರದೆಯ ಆಚೆಯವರಿಗೆ ಕೇಳುವ ಹಾಗೆ ನಾನು ಆಡಿದ ಮೊದಲ ಮಾತು ಅದು. ಸಾಬರು "ಆಯ್ತು ತಂಗಿ" ಎಂದು ಹೊರಟರು.

ಅಣ್ಣ ಬೈಯಲಿಲ್ಲ. ಸೀತೂರಿಗೆ ನನ್ನನ್ನೂ ಮಗುವನ್ನೂ ಕರೆದುಕೊಂಡು ಹೋಗುವುದು ಎಂದು ಅವನು ಆಗಲೇ ನಿಶ್ಚಯಿಸಿದ್ದ. ಅಲ್ಲಿ ನನಗೆ ಯಾರೂ ಕಷ್ಟ ಕೊಡುತ್ತಿರಲಿಲ್ಲ. ಅತ್ತಿಗೆಯರು ಇಬ್ಬರೂ ಒಳ್ಳೆಯವರು. ಆದರೆ ಅಲ್ಲಿ ನಾನು ಬೆಳಿಗ್ಗೆ ಎದ್ದು ಮಾಡಬೇಕಾದದ್ದು ಯಾವುದೂ ಇರಲಿಲ್ಲ. ಎಲ್ಲ ಕೆಲಸಕ್ಕೂ ಅಲ್ಲಿ ಒಬ್ಬೊಬ್ಬರಿದ್ದರು. ಇದನ್ನು ಅಣ್ಣನಿಗೆ ಹೇಳಲು ನನಗೆ ಮಾತು ಬರಲಿಲ್ಲ, ಇಲ್ಲೇ ಇರುತ್ತೇನೆ ಎಂದಷ್ಟೇ ಹೇಳಿದೆ.

"ಇದೊಂದು ಮಾಡು, ನೋಡುವ" ಎಂದ. "ಸಾಹುಕಾರ್ರು ಒಪ್ಪಿ ಉಳಿದೆರಡು ಬಸ್ಸೂ ನಿನಗೇ ಕೊಟ್ರೆ ಇರು ಮಾರಾಯ್ತಿ, ನಾನು ಎಂತದೂ ಹೇಳೂದಿಲ್ಲ. ಇಲ್ದಿದ್ರೆ ಶನಿವಾರ ಬೀಗದ ಕೈ ವಾಪಸ್ ಕೊಟ್ಟು ಹೊರಡುವ."

ಬುಧವಾರ ಮಧ್ಯಾಹ್ನ ಕೊಯ್ಯಲು ಕೂತೆ. ನಿಮ್ಮ ಅಮ್ಮ ಶಾಲೆಗೆ ಹೋಗಿದ್ದಳು, ಅಣ್ಣ ಮುಂದೆ ಬೆಂಚಿನ ಮೇಲೆ ಮಲಗಿದ್ದ. ಶಿವಮೊಗ್ಗದಿಂದ ತಂದ ಹಳದಿ ರೇಡಿಯಂ ಹಾಳೆ ಇದ್ದದ್ದು ಒಂದೇ. ಅದನ್ನು ರಟ್ಟಿನ ಮೇಲೆ ಹಾಸಿದೆ. ಕಾಗದ ತೆಗೆದು ಅದರ ಮೇಲಿಟ್ಟು ಪಿನ್ನು ಚುಚ್ಚಿದೆ. ಮೊದಲ ಅಕ್ಷರದ ತಲೆಕಟ್ಟಿನಿಂದ ಶುರು ಮಾಡಿದೆ. ಕೈ ಸರಿಯಾಗಿ ಓಡಿತು. ಗೆರೆ ಬಾಗುವಲ್ಲಿ ಬ್ಲೇಡನ್ನು ತಿರುಗಿಸದೆ ಹಲಗೆಯನ್ನೇ ತಿರುಗಿಸಬೇಕು, ಹಾಗೆ ತಿರುಗಿಸುತ್ತ ಹೋದೆ. ಒಳಗಿನ ಸಣ್ಣ ಸುರುಳಿಗಳನ್ನು ಮೊದಲು ತೆಗೆದು ಹೊರ ಅಂಚನ್ನು ಕೊನೆಗೆ ಕೊಯ್ಯಬೇಕು, ಹಾಗೆಯೇ ಮಾಡಿದೆ. ಎಷ್ಟೋ ದಿನಗಳ ಮೇಲೆ ತಲೆ ಖಾಲಿಯಾಗಿ, ಹಗುರವಾಗಿತ್ತು. ಐದನೇ ಅಕ್ಷರದ ಬಾಲದ ತುದಿಗೆ ಬಂದಾಗ ಶಾಲೆ ಬಿಡುವ ಗಂಟೆ ಕೇಳಿಸಿತು.

ಪಿನ್ನು ಕಿತ್ತು ಕಾಗದ ಎತ್ತಿದೆ. ಎತ್ತಿದಾಗ ಅದರಲ್ಲಿ ಮಡಿಕೆಯ ಗುರುತುಗಳು ಕಂಡವು. ನಾವು ಮಾಡಿದ ಕಾಗದವನ್ನು ಮಡಚುವ ರೂಢಿ ನಮ್ಮಲ್ಲಿಲ್ಲ.

ಹಲಗೆಯ ಮೂಲೆಯಲ್ಲಿ ನಾನು ಇಳಿಸಿದ ಕಾಗದ ಇತ್ತು. ಬರೀ ಗೆರೆ. ಅದಕ್ಕೆ ಯಾರೂ ಮಸಿ ತುಂಬಿರಲಿಲ್ಲ.

ಎರಡು ಕಾಗದವನ್ನೂ ನಾನು ನೋಡಿದ್ದೆ. ಕಪ್ಪು ತುಂಬಿದ್ದನ್ನು ಕೈಗೆ ತೆಗೆದುಕೊಂಡೆ, ಏಕೆಂದರೆ ಅವರು ನೋಡಿ ತುಂಬಿಟ್ಟಿದ್ದಾರೆ ಎಂದುಕೊಂಡೆ. ಅವರು ಹೋಗಿ ಇಪ್ಪತ್ತಾರು ದಿನವಾಗಿತ್ತು. ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೆಳಿಗ್ಗೆಯಷ್ಟೇ ಲೆಕ್ಕ ಹಾಕಿದ್ದೆ. ಆದರೂ ಕಾಗದ ಎತ್ತಿಕೊಳ್ಳುವಾಗ ಅವರು ಇದ್ದರು, ಮಸಿ ತುಂಬಿ ಎದ್ದು ಹೊರಗೆ ಹೋಗಿದ್ದರು, ಅಷ್ಟೇ. ಇದನ್ನು ಹೇಗೆ ವಿವರಿಸಬೇಕೋ ನನಗೆ ಈಗಲೂ ಗೊತ್ತಿಲ್ಲ.

ಅಣ್ಣನನ್ನು ಎಬ್ಬಿಸಿ ತೋರಿಸಿದೆ. ಅವನು ತಲೆಯ ಮೇಲೆ ಕೈ ಇಟ್ಟುಕೊಂಡು ಕೂತ. ಆಮೇಲೆ ಎದ್ದು ನಾನು ಇಳಿಸಿದ ಕಾಗದವನ್ನೂ ಕೊಯ್ದ ಕಾಗದವನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಅಕ್ಷರಕ್ಕೆ ಅಕ್ಷರ ಒಂದೇ. ಕಾಗದವೂ ಅದೇ ಖಾಕಿ.

"ಇದಕ್ಕೆ ಮಸಿ ತುಂಬಿಬಿಡು" ಎಂದ. "ಎಂಟು ಮಡಿಕೆ ಮಡಚಿ, ಒಂದಿಷ್ಟು ಕಾಫಿ ನೀರು ಒರೆಸಿ, ಬಿಸಿಲಿಗಿಡುವ. ಯಾರಿಗೆ ಗೊತ್ತಾಗ್ತದೆ? ನೀನು ಹೇಳೂದು ಬೇಡ, ನಾನೇ ಕೊಡ್ತೇನೆ."

ಗೊತ್ತಾಗುತ್ತಿರಲಿಲ್ಲ. ನನ್ನ ಕೆಲಸ ಅಷ್ಟು ಚೆನ್ನಾಗಿತ್ತು, ಈಗ ಹೇಳಿಕೊಳ್ಳಬಹುದು. ನಿಮ್ಮ ಅಜ್ಜನ ಬ್ರಷ್ಷು ಡಬ್ಬಿಯಲ್ಲಿ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಹಾಕಿ ಮೆತ್ತಗೆ ಮಾಡಿ, ಸೋಪಿನಲ್ಲಿ ತೊಳೆದು, ಗುರುವಾರ ಬೆಳಿಗ್ಗೆ ಮಸಿ ಅದ್ದಿ ಮೊದಲ ಅಕ್ಷರವನ್ನು ತುಂಬಿದೆ. ಎರಡನೆಯದಕ್ಕೆ ಬ್ರಷ್ಷು ಇಟ್ಟೆ, ಎಳೆಯಲಿಲ್ಲ. ಮನಸ್ಸಾಕ್ಷಿ, ಪಾಪ, ಪುಣ್ಯ ಅಂಥದ್ದೇನೂ ನನ್ನ ತಲೆಗೆ ಬರಲಿಲ್ಲ ಮಕ್ಕಳೇ. ಆ ತಾಯಿ ಕಪಾಟು ತೆಗೆದು ಕೊಡಲು ಎರಡು ದಿನ ತೆಗೆದುಕೊಂಡರು ಎಂಬುದು ನೆನಪಾಯಿತು. ಅವರು ಮತ್ತೆ ಕಪಾಟಿನಲ್ಲಿ ಇಡುವುದು ನನ್ನ ಕೈಬರಹವನ್ನು. ಆಗಾಗ ತೆಗೆದು ನೋಡುವುದೂ ನನ್ನದನ್ನು. ಬ್ರಷ್ಷು ತೊಳೆದಿಟ್ಟೆ. ಅಣ್ಣ ಏನಾಯಿತೆಂದು ಕೇಳಿದ. ಆಗುವುದಿಲ್ಲ ಎಂದೆ. ಅವನು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಲು ಶುರು ಮಾಡಿದ.

ಶುಕ್ರವಾರ ಹತ್ತು ಗಂಟೆಗೆ ಸಾಹುಕಾರರು ಸಾಬರ ಜೊತೆ ಬಂದರು. ನಾನು ಪರದೆ ಸರಿಸಿ ಹೊರಗೆ ಬಂದೆ. ಸೆರಗು ಹೊದ್ದು ತಲೆ ತಗ್ಗಿಸಿದ್ದರಿಂದ ಅವರ ಮುಖ ಕಾಣಲಿಲ್ಲ, ಚಪ್ಪಲಿ ಕಂಡಿತು. ಬೆಂಚಿನ ಮೇಲೆ ರೇಡಿಯಂ ಅಕ್ಷರಗಳನ್ನು ಸಾಲಾಗಿ ಇಟ್ಟೆ. ಅದರ ಪಕ್ಕದಲ್ಲಿ ತೂತಾದ ಕಾಗದವನ್ನೂ, ಅದರಿಂದ ಬಿದ್ದ ಕಪ್ಪು ಕಾಗದದ ಅಕ್ಷರಗಳನ್ನೂ ಇಟ್ಟೆ.

"ಇದು ಅಪ್ಪಯ್ಯನ ಕಾಗದ ಅಲ್ವಾ?" ಎಂದರು.

"ಹೌದು."

"ಕೊಯ್ದದ್ದು ಯಾರು?"

"ನಾನು" ಎಂದೆ. ಹೇಳಬೇಕೆಂದು ಎರಡು ದಿನ ಕೂಡಿಸಿಟ್ಟುಕೊಂಡ ಮಾತುಗಳಲ್ಲಿ ಒಂದೂ ಬರಲಿಲ್ಲ. ಬಂದದ್ದು ಇಷ್ಟೇ: "ಕಪ್ಪು ತುಂಬಿತ್ತು. ನಮ್ಮಲ್ಲಿ ಅವರು ತುಂಬಿದ ಮೇಲೆ ನಾನು ಕೊಯ್ಯೂದು. ಅವರು ತುಂಬಿಟ್ಟದ್ದು ಅಂತ ತಿಳ್ಕೊಂಡೆ."

ಓಣಿಯಲ್ಲಿ ಸೈಕಲ್ಲೊಂದು ಹೋಯಿತು. ಅಣ್ಣ ತಡೆಯಲಾರದೆ ನಡುವೆ ಬಂದ. ಅವಳಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ, ತಪ್ಪಾಗಿದೆ, ಹಾಳೆಯನ್ನು ಹಾಗೆಯೇ ಒಯ್ಯಿರಿ, ಶಿವಮೊಗ್ಗದವರೇ ಅಂಟಿಸಲಿ ಎಂದ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಇನ್ನೊಂದು ಮಾತೂ ಸೇರಿಸಿದ. ಗಂಡ ಹೋಗಿ ತಿಂಗಳಾಗದವಳು ಕೊಯ್ದದ್ದನ್ನು ಹೊಸ ಬಣ್ಣದ ಬಸ್ಸಿನ ಹಣೆಗೆ ಹಾಕುವುದು ನಿಮಗೂ ಸರಿ ಕಾಣಲಿಕ್ಕಿಲ್ಲ ಎಂದ.

ಸಾಹುಕಾರರು ಅವನ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ನಮ್ಮಮ್ಮನೂ ಹಾಗೇ ಇದ್ದಾಳೆ ಮಾರಾಯ್ರೆ. ಬಸ್ಸಿನ ಮೇಲೆ ಬರೂದು ಅವಳ ಹೆಸ್ರೇ ಅಲ್ವಾ?"

ಅವರು ಬಗ್ಗಿ ಕಾಗದದ ಅಕ್ಷರಗಳನ್ನು ಒಂದೊಂದಾಗಿ ಎತ್ತಿಕೊಂಡರು. ಸಾಬರು ಕೊಟ್ಟ ಪೇಪರಿನಲ್ಲಿ, ತೂತಾದ ಹಾಳೆಯನ್ನೂ ಸೇರಿಸಿ, ಸುರುಳಿ ಸುತ್ತಿದರು. ಪರವಾಗಿಲ್ಲ ಎನ್ನಲಿಲ್ಲ. ನಾನು ಆ ಮಾತನ್ನು ಕಾದಿದ್ದೆ, ಹೇಳಲಿಲ್ಲ. ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಹೊಸ್ತಿಲ ಹತ್ತಿರ ನಿಂತು, ಮೊದಲಿನದ್ದೆಲ್ಲ ಬರೆಯುತ್ತಿದ್ದದ್ದು ಯಾರು ಎಂದು ಕೇಳಿದರು. ಬರೆಯುತ್ತಿದ್ದದ್ದು ಅವರು, ಕಾಗದ ಮಾಡುತ್ತಿದ್ದದ್ದು ನಾನು ಎಂದೆ.

"ಹಾಗಾದ್ರೆ ಅಂಟಿಸಿ. ಬಸ್ಸು ಸ್ಟ್ಯಾಂಡಲ್ಲಿದೆ" ಎಂದು ಹೇಳಿ ಹೋದರು.

ನಾನು ಅಂಟಿಸಿದವಳಲ್ಲ. ನಿಮ್ಮ ಅಜ್ಜ ಹೇಳಿದ್ದು ಕೇಳಿದ್ದೆ ಅಷ್ಟೇ. ಸೋಪಿನ ನೀರು, ಹಳೆ ಬನಿಯನ್ ಬಟ್ಟೆ, ಮರದ ಸ್ಕೇಲು, ಸುಣ್ಣದ ಪುಡಿ ಹಚ್ಚಿದ ದಾರ ಇಷ್ಟನ್ನು ಚೀಲದಲ್ಲಿ ಹಾಕಿಕೊಂಡು ಹೊರಟೆ. ಅಣ್ಣ ಹಿಂದೆ ಬಂದ. ಸಾಬರು ಚಹಾ ಹೋಟೆಲಿನಿಂದ ಬೆಂಚು ತಂದು ಬಸ್ಸಿನ ಎದುರಿಗೆ ಇಟ್ಟು ಎರಡು ಕೈಯಲ್ಲಿ ಹಿಡಿದುಕೊಂಡರು. ಹತ್ತಿ ನಿಂತೆ. ದಾರ ಎಳೆದು ಗೆರೆ ಹೊಡೆದೆ. ಸೋಪಿನ ನೀರು ಒರೆಸಿ, ಹಿಂದಿನ ಕಾಗದ ಬಿಡಿಸಿ, ಮೊದಲ ಅಕ್ಷರ ಇಟ್ಟು ಸ್ಕೇಲಿನಿಂದ ನಡುವಿನಿಂದ ಹೊರಕ್ಕೆ ನೀರು ತಳ್ಳಿದೆ. ಜನ ಸೇರಿದ್ದರು. ನನ್ನ ಬೆನ್ನಿನ ಹಿಂದೆ ಯಾರೋ, ಹೆಂಗಸು ಬೋರ್ಡು ಬರೀಲಿಕ್ಕೆ ಶುರು ಮಾಡಿದ್ರೆ ಇನ್ನು ಬಸ್ಸು ಬಿಡೂದೂ ಅವ್ರೇ ಎಂದರು. "ಬಿಡ್ಲಿ ಮಾರಾಯ, ನನಗೂ ಸೊಂಟ ನೋವು" ಎಂದರು ಸಾಬರು. ಜನ ನಕ್ಕರು. ನನಗೆ ನಾಚಿಕೆ ಆಗಬೇಕಿತ್ತು. ಆಗಲಿಲ್ಲ. ಎರಡನೇ ಅಕ್ಷರ ಮುಂದಕ್ಕೆ ಬಾಗಿರುವ ಹಾಗೆಯೇ ಇಡಬೇಕು, ನೆಟ್ಟಗೆ ಮಾಡಬಾರದು ಎನ್ನುವುದಷ್ಟೇ ತಲೆಯಲ್ಲಿತ್ತು.

ಶನಿವಾರ ಬಸ್ಸು ಶೃಂಗೇರಿಗೆ ಹೋಯಿತು. ಉಳಿದ ಬಸ್ಸುಗಳ ಬಗ್ಗೆ ಸಾಹುಕಾರರು ಏನೂ ಹೇಳಿ ಕಳಿಸಲಿಲ್ಲ. ಬೀಗದ ಕೈ ಕೊಡುವುದೋ ಬೇಡವೋ ಎಂದು ಅಣ್ಣ ಒಂದು ವಾರ ನೋಡೋಣವೆಂದ. ಗೋಣಿಚೀಲದಿಂದ ಒಂದು ಪಾತ್ರೆ, ಎರಡು ತಟ್ಟೆ ಮಾತ್ರ ತೆಗೆದೆವು. ಎರಡನೇ ವಾರವೂ ಹೋಯಿತು. ನಾನು ಅಡುಗೆ ಮಾಡಿದೆ, ಮಗುವಿನ ತಲೆ ಬಾಚಿದೆ, ಹಲಗೆ ಒರೆಸಿದೆ. ಹೋದರೂ ಸರಿ, ಇದ್ದರೂ ಸರಿ ಎನ್ನುವ ಹಾಗೆ ಆಗಿಬಿಟ್ಟಿತ್ತು. ಅದು ಹೊರಗಿನದ್ದು. ಒಳಗೆ ಓಣಿಯ ಹೆಜ್ಜೆಸಪ್ಪಳಕ್ಕೆಲ್ಲ ಕಿವಿ ಕೊಡುತ್ತಿದ್ದೆ.

ಮೂರನೇ ವಾರ ಸಾಬರು ಬಂದರು. ಎರಡನೇ ಬಸ್ಸು ಬಣ್ಣಕ್ಕೆ ನಿಂತಿದೆ, ಹೆಸರು ಆಗಬೇಕು ಎಂದರು. ಹಾಳೆ ತರಿಸಲು ಅಣ್ಣನಿಗೆ ಚೀಟಿ ಬರೆದುಕೊಟ್ಟೆ. ಸ್ಯಾಂಪಲ್ಲು ಎಂದು ಕೇಳಿದೆ. ಸಾಬರು ಕೈ ಅಲ್ಲಾಡಿಸಿದರು. "ಕಾಗದ ಈಗ ಮನೆಯಿಂದ ಹೊರಗೆ ಬರೂದಿಲ್ಲ ತಂಗಿ. ಅಮ್ಮಾವ್ರು ಅದನ್ನ ಹಾಸಿಗೆ ಮೇಲೆ ಹಾಸ್ಕೊಂಡು, ಅಕ್ಷರವನ್ನೆಲ್ಲ ತೂತಿಗೆ ತೂತು ಕೂರ್ಸಿ ಇಟ್ಟಿದ್ದಾರೆ. ಬಸ್ಸಿನ ಮೇಲೆ ಉಂಟಲ್ಲ, ಅದನ್ನೇ ನೋಡಿ ಮಾಡ್ಲಿ ಅಂದ್ರು ಸಾಹುಕಾರ್ರು."

ನಾನು ಮೊದಲು ಇಳಿಸಿದ ಕಾಗದ ಇತ್ತಲ್ಲ ಎಂದು ನೀವು ಕೇಳುತ್ತೀರಿ. ಅದನ್ನು ಆ ಶುಕ್ರವಾರವೇ ಒಲೆಗೆ ಹಾಕಿದ್ದೆ. ಒಂದೇ ಅಕ್ಷರ ತುಂಬಿದ ಆ ಕಾಗದ ಕಣ್ಣೆದುರು ಇರುವುದು ನನಗೆ ಬೇಡವಾಗಿತ್ತು.

ಹಾಗಾಗಿ ಮೊದಲ ಬಸ್ಸು ಬೆಳಿಗ್ಗೆ ಶೃಂಗೇರಿಗೆ ಹೋಗುವಾಗ ಕೊಪ್ಪದಲ್ಲಿ ಹತ್ತು ನಿಮಿಷ ನಿಂತಲ್ಲಿ, ಬೆಂಚು ಹತ್ತಿ ಬಟರ್ ಪೇಪರ್ ಒತ್ತಿ ಹಿಡಿದು ಮೂರು ಅಕ್ಷರ ತೆಗೆದೆ. ಕಂಡಕ್ಟರು ಸೀಟಿ ಊದಿದ. ಉಳಿದ ಎರಡನ್ನು ಬಸ್ಸು ಮಧ್ಯಾಹ್ನ ತಿರುಗಿ ಬಂದಾಗ ತೆಗೆದೆ. ಆ ಮುದುಕರ ಕೈಬರಹ ನನ್ನ ಬ್ಲೇಡಿನಿಂದ ಬಸ್ಸಿಗೆ ಹೋಗಿ, ಬಸ್ಸಿನಿಂದ ನನ್ನ ಕಾಗದಕ್ಕೆ ವಾಪಸು ಬಂತು. ನಾನು ತಿದ್ದಿದರೂ ಯಾರಿಗೂ ತಿಳಿಯುತ್ತಿರಲಿಲ್ಲ. ತಿದ್ದಲಿಲ್ಲ. ಮಸಿ ತುಂಬುವವರು ಇರಲಿಲ್ಲವಾದ್ದರಿಂದ ಬರೀ ಗೆರೆಯ ಕಾಗದವನ್ನೇ ಹಾಳೆಯ ಮೇಲಿಟ್ಟು ಕೊಯ್ದೆ. ಅದು ಮೊದಲ ಸಲ. ಆಮೇಲೆ ಅದೇ ರೂಢಿಯಾಯಿತು.

ಅಣ್ಣ ಸೀತೂರಿಗೆ ಒಬ್ಬನೇ ಹೋದ. ಹೋಗುವಾಗ ಗೋಣಿಚೀಲದ ಪಾತ್ರೆಗಳನ್ನು ತಾನೇ ತೆಗೆದು ಗೂಡಿನಲ್ಲಿ ಜೋಡಿಸಿದ. ಎಲ್ಲವನ್ನೂ ತಪ್ಪು ಜಾಗದಲ್ಲಿ ಇಟ್ಟ. ನಾನು ಎಷ್ಟೋ ದಿನ ಹಾಗೆಯೇ ಬಿಟ್ಟಿದ್ದೆ.

ಸಾಹುಕಾರರು ಮತ್ತೆ ನಮ್ಮ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಮೂರನೇ ಬಸ್ಸಿನ ಹೆಸರನ್ನೂ ನಾನೇ ಮಾಡಿದೆ. ಆಮೇಲೆ ಒಂದು ಜೀಪು, ಲಾರಿ ಎಂದು ಅವರ ಕಡೆಯ ಕೆಲಸ ಬರುತ್ತಲೇ ಇತ್ತು, ಆದರೆ ಎಲ್ಲದಕ್ಕೂ ಸಾಬರೇ ಬರುವುದು. ಪೇಟೆಯಲ್ಲಿ ಒಂದೆರಡು ಸಲ ಎದುರಾದರು. ನಿಂತು ತಲೆ ಆಡಿಸಿ ಹೋದರು. ಕೆಲಸ ಕೊಟ್ಟರು, ಕ್ಷಮೆ ಕೊಡಲಿಲ್ಲ. ಅದು ಸರಿ ಎಂದೇ ನನಗೆ ಅನ್ನಿಸುತ್ತದೆ. ಅವರ ತಾಯಿಯನ್ನು ಒಂದು ಸಲ ಹೋಗಿ ನೋಡಬೇಕಿತ್ತು. ನರಸಿಂಹರಾಜಪುರಕ್ಕೆ ಕೆಲಸಕ್ಕೆಂದು ಹೋದಾಗ ಅವರ ಬೀದಿಯ ತನಕ ಹೋಗಿ ತಿರುಗಿ ಬಂದಿದ್ದೇನೆ, ಎರಡು ಸಲ. ಏನು ಹೇಳುವುದೆಂದು ಗೊತ್ತಾಗಲಿಲ್ಲ. ಆಮೇಲೆ ಅವರು ತೀರಿಕೊಂಡರು ಎಂದು ಸಾಬರು ಹೇಳಿದರು. ಆ ಕಾಗದ ಏನಾಯಿತು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಆ ಕೆಲಸದಿಂದಲೇ ನಿಮ್ಮ ಅಮ್ಮ ಓದಿದಳು. ಇದನ್ನು ದೊಡ್ಡ ಸಂಗತಿ ಎಂದು ಬರೆದದ್ದಲ್ಲ. ಅಳು ಯಾವಾಗ ಬಂತು ಎಂದು ಕೇಳಿದರೆ ಅದಕ್ಕೂ ನನ್ನಲ್ಲಿ ಉತ್ತರ ಇಲ್ಲ. ಆ ವರ್ಷಗಳು ಹಾಗೇ ಹೋದವು, ಕೈ ಕೆಲಸ ಮಾಡಿತು.

ಈಗ ಇದು ನಿಮ್ಮ ಕೈಗೆ. ಅಪ್ಪು ಫೋನಿನಲ್ಲಿ ಇದರ ಚಿತ್ರ ತೆಗೆದುಕೊಂಡರೂ ಹಾಳೆಗಳನ್ನು ಎಸೆಯಬೇಡಿ. ನಾನು ಬರೆದದ್ದು ಎಂದು ಇರುವುದು ಇಷ್ಟೇ, ಉಳಿದದ್ದೆಲ್ಲ ಬೇರೆಯವರ ಹೆಸರು, ಬೇರೆಯವರ ಅಕ್ಷರ. ಪುಟ್ಟಿ, ಕಪಾಟಿನ ಕೆಳಗಿನ ಖಾನೆಗೆ ಗೆದ್ದಲು ಹತ್ತುತ್ತದೆ, ಮೇಲಿನದರಲ್ಲಿ ಇಡು. ಯಾರಾದರೂ ಓದಲು ಕೇಳಿದರೆ ಕೊಡು, ಆದರೆ ನೆನಪಿಟ್ಟುಕೊಂಡು ವಾಪಸು ತಂದು ಅಲ್ಲೇ ಇಡು.